ಪರನಾಡನ್ನು ತನ್ನದಾಗಿಸಿಕೊಂಡ ಗಣಿಗಾರ



ಹುಟ್ಟಿದ ಊರೊಂದು, ಅನ್ನವಿತ್ತ ಊರು ಮತ್ತೊಂದು ಎಂಬುದು ಗಡಿನಾಡಿನ ನಮಗೆ ಹೊಸ ಸಂಗತಿಯಲ್ಲ. ದುಡಿಮೆಯನ್ನರಸಿ ಹೋದವನಿಗೆ ಹೊಸ ನಾಡಿನ ಮೇಲೆ ಹಕ್ಕು ಎಲ್ಲಿಂದ ಬರುತ್ತದೆ? ಈ ಪ್ರಶ್ನೆಗೆ ತಮ್ಮ ಬಾಳಿನಿಂದಲೇ ಉತ್ತರವಿತ್ತ ಕಲ್ಲಿದ್ದಲ ಗಣಿಗಾರರೊಬ್ಬರ ಚರಿತ್ರೆಯನ್ನು ಈ ವಾರ್ಷಿಕೋತ್ಸವದ ಶುಭಸಂದರ್ಭದಲ್ಲಿ ತಮ್ಮ ಮುಂದಿಡಲು ಬಯಸುತ್ತೇವೆ.

ಅವರ ಹೆಸರು ಜೇಮ್ಸ್ ಬ್ರೈಸನ್ ಮೆಕ್‌ಲಾಕ್ಲನ್. 1869ರಲ್ಲಿ ಸ್ಕಾಟ್ಲೆಂಡಿನ ಎಕ್ಲ್‌ಫೆಕನ್ ಗ್ರಾಮದಲ್ಲಿ ಅವರು ಜನಿಸಿದರು. ಖ್ಯಾತ ಲೇಖಕ ಥಾಮಸ್ ಕಾರ್ಲೈಲನ ಹುಟ್ಟೂರೂ ಅದೇ. ಬಾಲ್ಯದಲ್ಲಿಯೇ ಗಣಿಗಿಳಿದ ಅವರು 1902ರಲ್ಲಿ ಕಡಲು ದಾಟಿ, ಕೆನಡಾ ದೇಶದ ನೋವಾ ಸ್ಕೋಷಿಯಾ ಪ್ರಾಂತಕ್ಕೆ ಸೇರಿದ ಕೇಪ್ ಬ್ರೆಟನ್ ದ್ವೀಪಕ್ಕೆ ಬಂದು ನೆಲಸಿದರು.

ಅಲ್ಲಿ ಗಣಿ ಕಂಪೆನಿಯದು; ವಾಸದ ಮನೆ ಕಂಪೆನಿಯದು; ದಿನಸಿಯ ಅಂಗಡಿಯೂ ಕಂಪೆನಿಯದೇ. ಅಂಗಡಿಯ ಸಾಲವನ್ನು ಕೂಲಿಯಲ್ಲಿ ಮುರಿದುಕೊಂಡ ಮೇಲೆ ಕೈಗೆ ಬರುತ್ತಿದ್ದುದು ಅತ್ಯಲ್ಪ. 1909ರಲ್ಲಿ ಸಂಘದ ಮನ್ನಣೆಗಾಗಿ ಮುಷ್ಕರ ಹೂಡಿದಾಗ, ಅನೇಕ ಕುಟುಂಬಗಳನ್ನು ಮನೆಗಳಿಂದ ಹೊರಹಾಕಲಾಯಿತು, ಸೈನ್ಯವೂ ಬಂದಿಳಿಯಿತು. ಮುಷ್ಕರ ಸೋತಿತು. ಆದರೆ ಸಂಘದ ಕಾರ್ಯದರ್ಶಿಯಾಗಿದ್ದ ಮೆಕ್‌ಲಾಕ್ಲನ್ನರು ಕೈಚೆಲ್ಲಿ ಕುಳಿತುಕೊಳ್ಳಲಿಲ್ಲ. ಹತ್ತು ವರ್ಷಗಳ ಪರಿಶ್ರಮದ ಫಲವಾಗಿ 1919ರಲ್ಲಿ ಸಂಘಕ್ಕೆ ಮನ್ನಣೆಯೂ, ದಿನಕ್ಕೆ 8 ಗಂಟೆಯ ದುಡಿಮೆಯೂ ಲಭಿಸಿದವು.

1922ರಲ್ಲಿ ಗಣಿಗಳ ಒಡೆತನ ಹೊಂದಿದ್ದ ಬ್ರಿಟಿಷ್ ಎಂಪೈರ್ ಸ್ಟೀಲ್ ಕಾರ್ಪೊರೇಷನ್ ಕೂಲಿಯ ಸುಮಾರು ಮೂರನೆಯ ಒಂದು ಪಾಲನ್ನೇ ಕಡಿತಗೊಳಿಸಿತು. ಆ ವರ್ಷವೇ ಮೆಕ್‌ಲಾಕ್ಲನ್ನರು ಕಮ್ಯೂನಿಸ್ಟ್ ಪಕ್ಷವನ್ನು ಸೇರಿದರು. 1923ರ ಜುಲೈ 1, ಭಾನುವಾರ. ಸಿಡ್ನಿ ಪಟ್ಟಣದಲ್ಲಿ ಉಕ್ಕಿನ ಕಾರ್ಖಾನೆಯ ಕೆಲಸಗಾರರು ಮುಷ್ಕರ ಹೂಡಿದ್ದಾಗ, ಕುದುರೆಯೇರಿದ ಪೊಲೀಸರು ಬೀದಿಯಲ್ಲಿದ್ದ ಜನರ ಮೇಲೆ ನುಗ್ಗಿ ಥಳಿಸಿದರು. ಏಟು ತಿಂದವರು ಗಣಿಗಾರರಲ್ಲ. ಆದರೂ ಅವರಿಗಾಗಿ ಗಣಿಗಾರರು ಕೆಲಸ ನಿಲ್ಲಿಸಬೇಕೆಂದು ಮೆಕ್‌ಲಾಕ್ಲನ್ನರು ಸಂಘದ ಶಾಖೆಗಳಿಗೆ ಪತ್ರ ಬರೆದರು.

ಆ ಪತ್ರಕ್ಕೆ ಅವರು ತೆತ್ತ ಬೆಲೆ ದೊಡ್ಡದು. ಸಂಘದ ಅಂತರರಾಷ್ಟ್ರೀಯ ಅಧ್ಯಕ್ಷ ಜಾನ್ ಎಲ್. ಲೂಯಿಸರು ಅವರನ್ನು ಪದವಿಯಿಂದ ತೆಗೆದುಹಾಕಿದರು. ಸರ್ಕಾರವು ರಾಜದ್ರೋಹದ ಬರಹವೆಂದು ಮೊಕದ್ದಮೆ ಹೂಡಿ ಸೆರೆಮನೆಗೆ ಕಳುಹಿಸಿತು. ಬರಹಕ್ಕಾಗಿ ಸೆರೆವಾಸವೆಂದರೇನೆಂಬುದನ್ನು 1908ರ ತಿಲಕರ ಮೊಕದ್ದಮೆಯನ್ನು ಬಲ್ಲ ತಮಗೆ ವಿವರಿಸಬೇಕಾಗಿಲ್ಲ. ಎರಡು ವರ್ಷಗಳ ಶಿಕ್ಷೆಯಲ್ಲಿ ಕೆಲವು ತಿಂಗಳುಗಳನ್ನು ಕಳೆದು, 1924ರಲ್ಲಿ ಬಿಡುಗಡೆ ಹೊಂದಿದ ಅವರು ಕಾರ್ಮಿಕರ ಪತ್ರಿಕೆಯ ಸಂಪಾದಕತ್ವ ವಹಿಸಿಕೊಂಡರು.

1925ರಲ್ಲಿ ಕಂಪೆನಿಯು ತನ್ನ ಅಂಗಡಿಗಳಲ್ಲಿ ಸಾಲ ಕೊಡುವುದನ್ನೇ ನಿಲ್ಲಿಸಿತು. ಸಾಲ ನಿಂತರೆ ಒಲೆ ಆರಿದಂತೆ. ಮಾರ್ಚಿಯಲ್ಲಿ ಮುಷ್ಕರ ಪ್ರಾರಂಭವಾಯಿತು. ಜೂನ್ ತಿಂಗಳಲ್ಲಿ ನ್ಯೂ ವಾಟರ್‌ಫರ್ಡ್ ಪಟ್ಟಣಕ್ಕೆ ನೀರು, ವಿದ್ಯುತ್ತುಗಳೂ ನಿಂತುಹೋದವು. ಜೂನ್ 11ರಂದು ವಿದ್ಯುದಾಗಾರದತ್ತ ನಡೆದ ಗಣಿಗಾರರ ಮೇಲೆ ಕಂಪೆನಿಯ ಪೊಲೀಸರು ಗುಂಡು ಹಾರಿಸಿದರು. ವಿಲಿಯಂ ಡೇವಿಸ್ ಎಂಬ ಗಣಿಗಾರರು ಮಡಿದರು. ಅಂದಿನ ರೋಷದಲ್ಲಿ ಜನರು ಕಂಪೆನಿಯ ಅಂಗಡಿಗಳನ್ನು ಲೂಟಿಮಾಡಿ ಸುಟ್ಟರು. ಇಂದಿಗೂ ನೋವಾ ಸ್ಕೋಷಿಯಾದ ಗಣಿಯೂರುಗಳಲ್ಲಿ ಜೂನ್ 11 ಡೇವಿಸರ ಸ್ಮರಣೆಯ ದಿನವಾಗಿದೆ.

ಮೆಕ್‌ಲಾಕ್ಲನ್ನರ ಕೊನೆಯ ಪರೀಕ್ಷೆ ಸ್ವಪಕ್ಷದಿಂದಲೇ ಬಂದಿತು. ಗಣಿಗಾರರು 1932ರಲ್ಲಿ ಕಟ್ಟಿಕೊಂಡ ಸ್ವತಂತ್ರ ಸಂಘವನ್ನು ಬಿಟ್ಟು, ಮತ್ತೆ ಲೂಯಿಸರ ಸಂಘಕ್ಕೆ ಮರಳಬೇಕೆಂಬುದು ಪಕ್ಷದ ನಿಲುವಾಯಿತು. ಅದಕ್ಕೊಪ್ಪದೆ ಅವರು 1936ರಲ್ಲಿ ಪಕ್ಷವನ್ನು ತೊರೆದರು. 1937ರ ನವೆಂಬರಿನಲ್ಲಿ ಗ್ಲೇಸ್ ಬೇ ಪಟ್ಟಣದಲ್ಲಿ ಕಾಲವಾದರು.

ಅವರ ಸಿದ್ಧಾಂತವನ್ನು ಎಲ್ಲರೂ ಒಪ್ಪಬೇಕೆಂದು ನಾವು ಹೇಳುವುದಿಲ್ಲ. ಸೋವಿಯತ್ ರಷ್ಯದ ಮೇಲೆ ಅವರಂಥವರು ಇಟ್ಟಿದ್ದ ಭರವಸೆಯನ್ನು ಇತಿಹಾಸವು ನಿಜಮಾಡಲಿಲ್ಲ. ಆದರೆ ಸಂಘ, ಸರ್ಕಾರ, ಪಕ್ಷ ಈ ಮೂರರೆದುರಿಗೂ ಅವರು ನೆರೆಯವರ ಪಕ್ಕದಲ್ಲಿಯೇ ನಿಂತರೆಂಬುದು ಸತ್ಯ. ನೆಲದ ಮೇಲಣ ಹಕ್ಕು ಹುಟ್ಟಿನಿಂದ ಮಾತ್ರವೇ ಬರುವುದಿಲ್ಲ. ನೆರೆಯವನ ಒಲೆ ಆರಿದಾಗ ನಾವೇನು ಮಾಡಿದೆವೆಂಬುದರಿಂದಲೂ ಬರುತ್ತದೆ. ಭಾಷೆ ಬೇರೆಯಾದವರೊಡನೆ ಒಂದೇ ಬೀದಿಯಲ್ಲಿ ಬಾಳುವ ನಾವು ಈ ಮಾತನ್ನು ಮರೆಯದಿರೋಣ.