ಅಲೆಕ್ಸಿ ಲಿಯೊನೊವ್ ತೆರೆದ ಬಾಗಿಲು

1965ರ ಮಾರ್ಚ್ 18ರಂದು ಸೋವಿಯತ್ ಗಗನಯಾತ್ರಿ ಅಲೆಕ್ಸಿ ಲಿಯೊನೊವ್ ವೊಸ್ಖೊದ್-2 ನೌಕೆಯಿಂದ ಹೊರಬಂದರು. ಕೆಳಗೆ ಭೂಮಿ, ಸುತ್ತ ಬರೀ ಶೂನ್ಯ, ನೌಕೆಗೆ ಕಟ್ಟಿದ್ದ ಹಗ್ಗವೊಂದೇ ಆಸರೆ. ಅಲ್ಲಿಯವರೆಗೆ ಯಾರೂ ಮಾಡದಿದ್ದ ಬಾಹ್ಯಾಕಾಶ ನಡಿಗೆಯನ್ನು ಅವರು ಹನ್ನೆರಡು ನಿಮಿಷ ಮಾಡಿದರು.

ಕಷ್ಟ ಎದುರಾದದ್ದು ಮರಳುವಾಗ. ನೆಲದ ಮೇಲೆ ನಮ್ಮನ್ನು ವಾತಾವರಣ ಎಲ್ಲ ಕಡೆಯಿಂದಲೂ ಒತ್ತುತ್ತಿರುತ್ತದೆ. ಶೂನ್ಯದಲ್ಲಿ ಆ ಒತ್ತಡವಿಲ್ಲ. ಹಾಗಾಗಿ ಅವರ ಜೀವ ಉಳಿಸಿದ್ದ ಆಮ್ಲಜನಕವೇ ಉಡುಪನ್ನು ಒಳಗಿನಿಂದ ಉಬ್ಬಿಸಿ ಸೆಟೆಸಿತು. ಬೆರಳುಗಳು ಕೈಗವಸಿನ ತುದಿಯಿಂದ ಜಾರಿದವು, ಹಗ್ಗ ಹಿಡಿತಕ್ಕೆ ಸಿಗದಾಯಿತು. ನೌಕೆಯ ಒಳಕ್ಕೂ ಹೊರಕ್ಕೂ ನಡುವಿನ ಇಕ್ಕಟ್ಟಾದ ಗಾಳಿಕೋಣೆಯೊಳಗೆ ನುಗ್ಗಲು ಲಿಯೊನೊವ್ ಉಡುಪಿನ ಕವಾಟ ತಿರುಗಿಸಿ ಒತ್ತಡ ಇಳಿಸಿದರು. ಒತ್ತಡ ತೀರಾ ಇಳಿದರೆ ರಕ್ತದಲ್ಲಿ ಕರಗಿರುವ ನೈಟ್ರೋಜನ್ ಗುಳ್ಳೆಗಳಾಗಿ ಪ್ರಾಣಕ್ಕೇ ಕುತ್ತು ತರಬಹುದು. ಅದನ್ನು ಬಲ್ಲವರಾಗಿಯೂ ಎದೆಗೆಡದೆ ತಲೆ ಮುಂದಾಗಿ ಒಳನುಗ್ಗಿದರು.

ಭೂಮಿಗೆ ಇಳಿಯುವ ಹೊತ್ತಿಗೆ ಸ್ವಯಂಚಾಲಿತ ವ್ಯವಸ್ಥೆ ಕೈಕೊಟ್ಟಿತು. ಜೊತೆಗಾರ ಪಾವೆಲ್ ಬೆಲ್ಯಾಯೆವ್ ತಾವೇ ನೌಕೆಯನ್ನು ನಿಯಂತ್ರಿಸಿ ಇಳಿಸಿದರು. ಇಬ್ಬರೂ ಹಿಮ ತುಂಬಿದ ಕಾಡಿನಲ್ಲಿ ಎರಡು ರಾತ್ರಿ ಕಳೆಯಬೇಕಾಯಿತು. ಇಷ್ಟೆಲ್ಲ ಅಪಾಯದ ಆ ಪಯಣದಲ್ಲೇ ಲಿಯೊನೊವ್ ಬಣ್ಣದ ಪೆನ್ಸಿಲ್ ಹಿಡಿದು ಕಕ್ಷೆಯಿಂದ ಕಂಡ ಸೂರ್ಯೋದಯವನ್ನು ಚಿತ್ರಿಸಿದ್ದರು!

ಹತ್ತು ವರ್ಷಗಳ ನಂತರ, 1975ರ ಜುಲೈನಲ್ಲಿ, ಸೋವಿಯತ್ ಒಕ್ಕೂಟದ ಸೋಯುಜ್ ಮತ್ತು ಅಮೆರಿಕದ ಅಪೊಲೊ ನೌಕೆಗಳು ಕಕ್ಷೆಯಲ್ಲಿ ಕೂಡಿಕೊಂಡವು. ಶೀತಲ ಸಮರದ ಆ ದಿನಗಳಲ್ಲಿ ಲಿಯೊನೊವ್ ಮತ್ತು ಅಮೆರಿಕದ ಥಾಮಸ್ ಸ್ಟಾಫರ್ಡ್ ಕೈಕುಲುಕಿದರು. ಮೊದಲ ನಡಿಗೆ ಪೈಪೋಟಿಯಿಂದ ಹುಟ್ಟಿತ್ತು. ಈ ಭೇಟಿ ಹುಟ್ಟಿದ್ದು ನಂಬಿಕೆಯಿಂದ. ನನ್ನ ಪಾಲಿಗೆ ಇದು ಆ ನಡಿಗೆಗಿಂತಲೂ ದೊಡ್ಡ ಸಾಧನೆ.

2019ರಲ್ಲಿ ಲಿಯೊನೊವ್ ತೀರಿಕೊಂಡರು. ಅವರು ಎದುರಿಸಿದಂಥ ಅಪಾಯಗಳನ್ನು ತಗ್ಗಿಸಲು ಇಂದಿನ ಗಗನಯಾತ್ರಿಗಳು ದೊಡ್ಡ ಕೊಳದ ನೀರಿನಲ್ಲಿ ಮುಳುಗಿ ಅಭ್ಯಾಸ ಮಾಡುತ್ತಾರೆ. ನಡಿಗೆಗೆ ಮುನ್ನ ಶುದ್ಧ ಆಮ್ಲಜನಕ ಉಸಿರಾಡಿ ದೇಹದ ನೈಟ್ರೋಜನ್ ಕಳೆಯುತ್ತಾರೆ. ಲಿಯೊನೊವ್ ಅವರ ನಾಡಿನೊಂದಿಗೆ ನಮಗೂ ನಂಟಿದೆ: 1984ರಲ್ಲಿ ಬಾಹ್ಯಾಕಾಶಕ್ಕೆ ಹಾರಿದ ನಮ್ಮ ರಾಕೇಶ್ ಶರ್ಮಾ ತರಬೇತಿ ಪಡೆದದ್ದು ಮಾಸ್ಕೋ ಬಳಿಯ ಗಗಾರಿನ್ ಗಗನಯಾತ್ರಿ ತರಬೇತಿ ಕೇಂದ್ರದಲ್ಲಿ. ಭಾರತದ ಮಾನವಸಹಿತ ಯಾನ ಯೋಜನೆಯಾದ ಗಗನಯಾನಕ್ಕೆ ಆಯ್ಕೆಯಾದವರೂ ಅಲ್ಲಿ ಕಲಿತು ಬಂದಿದ್ದಾರೆ. ಅವರಲ್ಲೊಬ್ಬರಾದ ಶುಭಾಂಶು ಶುಕ್ಲಾ 2025ರಲ್ಲಿ ಅಮೆರಿಕ, ಪೋಲೆಂಡ್, ಹಂಗೆರಿಯ ಸಂಗಾತಿಗಳೊಂದಿಗೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗಿ ಬಂದರು.

ಭಾರತ ತನ್ನದೇ ನಿಲ್ದಾಣವನ್ನು 2035ರ ಹೊತ್ತಿಗೆ ಕಟ್ಟುವ ಗುರಿ ಇಟ್ಟುಕೊಂಡಿದೆ. ಅದನ್ನು ಜೋಡಿಸಲು, ರಿಪೇರಿ ಮಾಡಲು ನಮ್ಮವರೂ ಶೂನ್ಯಕ್ಕೆ ಇಳಿಯಬೇಕಾದೀತು. ಅವರು ಧೈರ್ಯದ ಜೊತೆಗೆ ಪರದೇಶದವರನ್ನೂ ಒಡನಾಡಿಗಳೆಂದು ಕಾಣುವ ಲಿಯೊನೊವ್ ಅವರ ಮನಸ್ಸನ್ನೂ ಕೊಂಡೊಯ್ಯಲಿ. ನಮ್ಮ ನಿಲ್ದಾಣದ ಬಾಗಿಲು ಎಲ್ಲ ದೇಶಗಳ ಯಾತ್ರಿಗಳಿಗೂ ತೆರೆದಿರಲಿ.