ಬೆಳಕಿನ ಕಾಳು ಎಣಿಸಿದ ಮೇಷ್ಟ್ರು



ನಿನ್ನೆ ಒಬ್ಬ ತಾಯಿ ಹೇಳಿದರು: "ಬೆಳಕು ಯಾತರಿಂದ ಆಗಿದೆ ಅಂತ ಮಗಳು ಕೇಳಿದಳು. ಸುಮ್ನಿರು ಅಂತ ಗದರಿಬಿಟ್ಟೆ ಮೇಷ್ಟ್ರೇ." ಚಿಕ್ಕಂದಿನಲ್ಲಿ ನನಗೂ ಹೀಗೇ ಗದರಿದ್ದರು. ಆಮೇಲೆ ನಾನು ಕೇಳುವುದನ್ನೇ ಬಿಟ್ಟೆ. ನಿಮ್ಮ ಮಗಳಿಗೆ ಹಾಗಾಗಬಾರದು. ಅವಳಿಗೆ ಹೀಗೆ ಹೇಳಿ.

ರಾಗಿ ರಾಶಿ ದೂರಕ್ಕೆ ಒಂದೇ ಗುಡ್ಡೆ. ಹತ್ತಿರ ಹೋದರೆ ಬಿಡಿ ಬಿಡಿ ಕಾಳು. ಬೆಳಕೂ ಹಾಗೆಯೇ ಸಣ್ಣ ಸಣ್ಣ ಕಣಗಳಾಗಿ ಬರುತ್ತದೆ. ಆ ಕಣದ ಹೆಸರು ಫೋಟಾನ್.

ಈಗ ಎರಡು ಬಟ್ಟಲು ಇಡಿ. ಒಂದು ಅವರೆಕಾಳು, ಒಂದು ಕಡಲೆಕಾಳು ತಗೊಳ್ಳಿ. ಎಷ್ಟು ಥರ ಹಾಕಬಹುದು? ಎರಡೂ ಮೊದಲನೇ ಬಟ್ಟಲಿಗೆ. ಎರಡೂ ಎರಡನೇ ಬಟ್ಟಲಿಗೆ. ಒಂದೊಂದಕ್ಕೆ ಒಂದೊಂದು ಹಾಕಿ, ಅದಲು ಬದಲು ಮಾಡಿದರೆ ಇನ್ನೆರಡು ಥರ. ಒಟ್ಟು 4.

ಬೆಳಕಿನ ಕಣಗಳಲ್ಲಿ ಇದು, ಅದು ಅನ್ನೋ ಗುರುತೇ ಇಲ್ಲ. ಅದಲು ಬದಲು ಮಾಡಿದರೂ ಹೊಸ ಥರ ಆಗೋದಿಲ್ಲ. ಹಾಗಾಗಿ ಲೆಕ್ಕ 3 ಮಾತ್ರ.

ಹೀಗೆ ಎಣಿಸಿದವರು ಸತ್ಯೇಂದ್ರನಾಥ ಬೋಸ್. 1924ರಲ್ಲಿ ಅವರು ಢಾಕಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದರು. ಕಾದ ವಸ್ತು ಬೀರುವ ಬೆಳಕಿನ ಸೂತ್ರಕ್ಕೆ ಈ ಎಣಿಕೆಯಿಂದ ಸರಿಯಾದ ಕಾರಣ ಸಿಕ್ಕಿತು. ಬೋಸ್ ತಮ್ಮ ಲೇಖನವನ್ನು ಐನ್‌ಸ್ಟೈನ್‌ಗೆ ಕಳಿಸಿದರು. ಐನ್‌ಸ್ಟೈನ್ ಅದನ್ನು ಜರ್ಮನ್ ಭಾಷೆಗೆ ತಿರುಗಿಸಿ ಅಚ್ಚು ಹಾಕಿಸಿದರು. ಈ ಲೆಕ್ಕಕ್ಕೆ ಸೇರುವ ಕಣಗಳಿಗೆ ಬೋಸಾನ್ ಅಂತ ಅವರದೇ ಹೆಸರಿದೆ.

ಇವತ್ತೇ ಮಗಳನ್ನು ಕೂರಿಸಿಕೊಂಡು ಬಟ್ಟಲು, ಕಾಳು ಕೊಡಿ. ಅವಳೇ ಎಣಿಸಲಿ. ಗೊತ್ತಿಲ್ಲದ್ದು ಕೇಳಿದರೆ, "ನಾಳೆ ಇಬ್ಬರೂ ಹೋಗಿ ಮೇಷ್ಟ್ರನ್ನು ಕೇಳೋಣ" ಅನ್ನಿ. ಗದರಬೇಡಿ.