ಬೂದಿಗುಡ್ಡಗಳು ಹೇಳುವ ಕಥೆ



ಪುರಾತತ್ವ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಹಂಪಿಯ ಕಲ್ಲಿನ ರಥ, ಬಾದಾಮಿಯ ಗುಹೆಗಳು, ಬೇಲೂರಿನ ಶಿಲ್ಪಗಳು. ಇವೆಲ್ಲ ಅರಸರ ಕಾಲದವು. ಕಟ್ಟಿಸಿದವರ ಹೆಸರನ್ನು ಹೇಳಲು ಶಾಸನಗಳಿವೆ, ಕಾವ್ಯಗಳಿವೆ. ಇವತ್ತು ನಾನು ನಿಮ್ಮ ಮುಂದಿಡುತ್ತಿರುವುದು ಹೆಸರಿಲ್ಲದವರ ಕಥೆ. ಅವರು ನಮಗೆ ಬಿಟ್ಟುಹೋದದ್ದು ಮುಖ್ಯವಾಗಿ ಬೂದಿ.

ಕನ್ನಡ ಎಂ.ಎ. ಓದುವಾಗ ನಾವು ಹಲ್ಮಿಡಿ ಶಾಸನದಿಂದ ಆರಂಭಿಸುತ್ತಿದ್ದೆವು. ಅದರ ಕಾಲ ಸುಮಾರು ಕ್ರಿ.ಶ. 450. ಅದಕ್ಕಿಂತ ಹಿಂದೆ ಮಸ್ಕಿ, ಬ್ರಹ್ಮಗಿರಿಗಳ ಅಶೋಕನ ಶಾಸನಗಳಿವೆ, ಕ್ರಿ.ಪೂ. 3ನೇ ಶತಮಾನದವು, ಪ್ರಾಕೃತ ಭಾಷೆಯವು. ಅದಕ್ಕೂ ಹಿಂದೆ ನಮ್ಮ ನೆಲದಲ್ಲಿ ಓದಬಲ್ಲ ಅಕ್ಷರವೇ ಇಲ್ಲ. ನಾನು ಇಲ್ಲಿ ಸಿಡ್ನಿಯಲ್ಲಿ ವಾರಾಂತ್ಯದ ಕನ್ನಡ ತರಗತಿಯಲ್ಲಿ ಸ್ವಯಂಸೇವಕಿಯಾಗಿ ಪಾಠ ಹೇಳುತ್ತೇನೆ. ಅಲ್ಲಿ ಒಬ್ಬ ಹುಡುಗ ಕೇಳಿದ: "ಆಂಟಿ, ಬರೆಯೋದಕ್ಕೆ ಮುಂಚೆ ನಮ್ಮೂರಲ್ಲಿ ಯಾರಿದ್ರು? ಏನು ಊಟ ಮಾಡ್ತಿದ್ರು?" ಈ ಪ್ರಶ್ನೆಗೆ ಸಾಹಿತ್ಯ ಚರಿತ್ರೆಯಲ್ಲಿ ಉತ್ತರ ಸಿಗುವುದಿಲ್ಲ. ಪುರಾತತ್ವಶಾಸ್ತ್ರದಲ್ಲಿ ಸಿಗುತ್ತದೆ.

ಬಳ್ಳಾರಿ, ವಿಜಯನಗರ, ಕೊಪ್ಪಳ, ರಾಯಚೂರು, ಯಾದಗಿರಿ ಜಿಲ್ಲೆಗಳಲ್ಲಿ, ಪಕ್ಕದ ಆಂಧ್ರ ಮತ್ತು ತೆಲಂಗಾಣಗಳಲ್ಲಿ ಬೂದಿಯ ದಿಬ್ಬಗಳಿವೆ. ಇಂಥ ನೂರಕ್ಕೂ ಹೆಚ್ಚು ತಾಣಗಳನ್ನು ವಿದ್ವಾಂಸರು ಗುರುತಿಸಿದ್ದಾರೆ. ಕೆಲವು ಎರಡಾಳು, ಮೂರಾಳು ಎತ್ತರ. ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯ ಕುಡತಿನಿಯಲ್ಲಿ ಒಂದಿದೆ. ಹಂಪಿಯ ಹತ್ತಿರ ನಿಂಬಾಪುರದಲ್ಲಿ ಇನ್ನೊಂದಿದೆ. ರಾಮನ ಬಾಣಕ್ಕೆ ಬಿದ್ದ ವಾಲಿಯನ್ನು ಸುಟ್ಟ ಬೂದಿ ಅದು ಎಂದು ಅಲ್ಲಿನ ಜನ ಹೇಳುತ್ತಾರೆ. ಕಿಷ್ಕಿಂಧೆಯ ಮಗ್ಗುಲಲ್ಲೇ ಇಷ್ಟು ದೊಡ್ಡ ಬೂದಿರಾಶಿ ಕಂಡವರಿಗೆ ಬೇರೆ ಯಾವ ಕಥೆ ತಾನೇ ಹೊಳೆದೀತು?

ಹತ್ತೊಂಬತ್ತನೇ ಶತಮಾನದ ಬ್ರಿಟಿಷ್ ಅಧಿಕಾರಿಗಳಿಗೂ ಇದೊಂದು ಒಗಟಾಗಿತ್ತು. ಜ್ವಾಲಾಮುಖಿಯೇ, ಲೋಹ ಕರಗಿಸಿದ ಕುಲುಮೆಯೇ, ಸಾಮೂಹಿಕ ದಹನದ ಜಾಗವೇ ಎಂದೆಲ್ಲ ಊಹೆ ನಡೆಯಿತು. ಅಲ್ಲಲ್ಲಿ ಬೂದಿ ಗಾಜಿನಂತೆ ಕರಗಿ ಕಿಟ್ಟಗಟ್ಟಿದ್ದರಿಂದ ಗೊಂದಲ ಇನ್ನೂ ಹೆಚ್ಚಿತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್ ಮಾತ್ರ ಬೇರೆ ರೀತಿ ಯೋಚಿಸಿದರು. ಜೊತೆಯಲ್ಲೇ ಸಿಗುವ ನುಣುಪಾದ ಕಲ್ಲಿನ ಕೊಡಲಿಗಳನ್ನೂ ಮಡಕೆ ಚೂರುಗಳನ್ನೂ ಗಮನಿಸಿ, ಇದು ನವಶಿಲಾಯುಗದ ಜನರ ದನದ ದೊಡ್ಡಿಗಳಲ್ಲಿ ಸೇರಿದ ಸಗಣಿ ಸುಟ್ಟ ಬೂದಿ ಎಂದರು. ಸುಮಾರು 1960ರ ಹೊತ್ತಿಗೆ ಲಂಡನ್ನಿನ ವಿಜ್ಞಾನಿ ಫ್ರೆಡೆರಿಕ್ ಜಾಯ್ನರ್ ಬೂದಿಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಈ ಮಾತನ್ನು ಸಮರ್ಥಿಸಿದರು. ಹುಲ್ಲಿನಲ್ಲಿ ಸಿಲಿಕಾ ಎಂಬ ಮರಳಿನ ಅಂಶವಿರುತ್ತದೆ. ಹಸು ಮೇದ ಹುಲ್ಲು ಸಗಣಿಯಾದರೂ ಅದು ಉಳಿಯುತ್ತದೆ. ಬೆಂಕಿಯ ತಾಪ ಬಹಳ ಏರಿದಾಗ ಕರಗಿ ಗಾಜಾಗುತ್ತದೆ.

ಆಗಲೇ, 1957ರಲ್ಲಿ, ಈಗ ತೆಲಂಗಾಣಕ್ಕೆ ಸೇರಿದ ಉಟ್ನೂರಿನ ದಿಬ್ಬವನ್ನು ರೇಮಂಡ್ ಆಲ್ಚಿನ್ ಅಗೆದಿದ್ದರು. ಪದರ ಪದರವಾಗಿ ಬಿಡಿಸುತ್ತಾ ಹೋದಾಗ ದೊಡ್ಡಿಯ ಬೇಲಿಗೆ ನೆಟ್ಟ ಕಂಬಗಳ ಕುಳಿಗಳು ಕಂಡವು. ಅದಕ್ಕಿಂತ ಮುಖ್ಯವಾಗಿ ದನಗಳ ಗೊರಸಿನ ಗುರುತುಗಳು ಕಂಡವು! ಯೋಚಿಸಿ ನೋಡಿ, ನಾಲ್ಕು ಸಾವಿರ ವರ್ಷಗಳ ಹಿಂದೆ ಒಂದು ಹಸು ಇಟ್ಟ ಹೆಜ್ಜೆ ಹಾಗೆಯೇ ಉಳಿದಿತ್ತು.

ಕಾಲವನ್ನು ಹೇಗೆ ಲೆಕ್ಕ ಹಾಕಿದರು ಎಂದು ನೀವು ಕೇಳಬಹುದು. ಗಿಡ, ಮರ, ಪ್ರಾಣಿ ಬದುಕಿರುವವರೆಗೆ ಕಾರ್ಬನ್-14 ಎಂಬ ಅಂಶವನ್ನು ಸ್ವಲ್ಪ ಸ್ವಲ್ಪವೇ ತೆಗೆದುಕೊಳ್ಳುತ್ತಿರುತ್ತವೆ. ಸತ್ತ ಮೇಲೆ ಅದು ಕರಗುತ್ತಾ ಹೋಗುತ್ತದೆ, ಸುಮಾರು 5730 ವರ್ಷಕ್ಕೆ ಅರ್ಧದಷ್ಟು. ಇದ್ದಿಲಿನಲ್ಲೋ ಕರಿದ ಕಾಳಿನಲ್ಲೋ ಎಷ್ಟು ಉಳಿದಿದೆ ಎಂದು ಅಳೆದರೆ ವಯಸ್ಸು ತಿಳಿಯುತ್ತದೆ. ಹೀಗೆ ಈ ಬೂದಿಗುಡ್ಡದ ಸಂಸ್ಕೃತಿ ಸ್ಥೂಲವಾಗಿ ಕ್ರಿ.ಪೂ. 3000ದಿಂದ 1200ರವರೆಗಿನದು ಎಂದು ಗೊತ್ತಾಯಿತು.

ಇನ್ನು ಆ ಹುಡುಗನ ಎರಡನೇ ಪ್ರಶ್ನೆ, ಊಟದ್ದು. ಬಳ್ಳಾರಿ ಪಕ್ಕದ ಸಂಗನಕಲ್ಲು ಮೊದಲಾದ ಕಡೆ ಅಗೆದ ಮಣ್ಣನ್ನು ನೀರಿನಲ್ಲಿ ಕದಡಿದರೆ ಸುಟ್ಟು ಕರಿಯಾದ ಕಾಳುಗಳು ತೇಲಿ ಮೇಲೆ ಬರುತ್ತವೆ. ನಾವು ಬೇಳೆ ತೊಳೆಯುವಾಗ ಜೊಳ್ಳು ಮೇಲೆ ಬರುವುದಿಲ್ಲವೇ, ಹಾಗೆ. ಡೋರಿಯನ್ ಫುಲ್ಲರ್, ಧಾರವಾಡದ ರವಿ ಕೋರಿಶೆಟ್ಟರ್ ಮೊದಲಾದವರು ಅವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಗುರುತಿಸಿದ್ದಾರೆ. ಮುಖ್ಯವಾದವು ಹುರುಳಿ, ಹೆಸರು, ಕೊರಲೆ ಮತ್ತು ನವಣೆಯ ಜಾತಿಗೆ ಸೇರಿದ ಒಂದು ಕಿರುಧಾನ್ಯ. ಗೋಧಿ, ಬಾರ್ಲಿ, ಅವರೆ, ತೊಗರಿ ಆಮೇಲೆ ಬಂದವು. ಅಂದರೆ ನಾನು ಮೊನ್ನೆ ಮಾಡಿದ ಹುರುಳಿಕಟ್ಟಿನ ಸಾರಿಗೆ ನಾಲ್ಕು ಸಾವಿರ ವರ್ಷಗಳ ಹಿನ್ನೆಲೆಯಿದೆ. ನಾವು ಹೆಮ್ಮೆಪಡುವ ರಾಗಿಯ ತವರು ಮಾತ್ರ ಪೂರ್ವ ಆಫ್ರಿಕಾ. ಅದು ಸಮುದ್ರದಾಚೆಯಿಂದ ಬಂದು ನಮ್ಮದಾಯಿತು. ಪರದೇಶದಲ್ಲಿ ನೆಲೆಸಿರುವ ನಮಗೆ ಈ ಸಂಗತಿ ಇಷ್ಟವಾಗಬೇಕು!

ಆದರೆ ಅಷ್ಟೊಂದು ಸಗಣಿಯನ್ನು ಯಾಕೆ ಸುಟ್ಟರು? ಕುಳ್ಳು ತಟ್ಟಬಹುದಿತ್ತು, ಹೊಲಕ್ಕೆ ಹಾಕಬಹುದಿತ್ತು. ಆಲ್ಚಿನ್ ಇದನ್ನು ಋತುಮಾನದ ಹಬ್ಬಗಳ ಬೆಂಕಿಗೆ ಹೋಲಿಸಿದರು. ಸಂಕ್ರಾಂತಿಯ ದಿನ ಹಳೇ ಮೈಸೂರಿನ ಹಳ್ಳಿಗಳಲ್ಲಿ ದನಗಳಿಗೆ ಕಿಚ್ಚು ಹಾಯಿಸುವುದನ್ನು ನೋಡಿದವರಿಗೆ ಈ ಮಾತು ತಟ್ಟನೆ ಹಿಡಿಸುತ್ತದೆ. ಯಾದಗಿರಿ ಜಿಲ್ಲೆಯ ಬೂದಿಹಾಳದಲ್ಲಿ ವರ್ಷಗಟ್ಟಲೆ ಉತ್ಖನನ ನಡೆಸಿದ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಬೇರೊಂದು ಮಾತು ಹೇಳಿದರು. ಅಲ್ಲಿ ಬೂದಿಯ ಪಕ್ಕದಲ್ಲೇ ಮನೆಗಳು, ಕಲ್ಲಿನ ಉಪಕರಣ ಮಾಡುವ ಜಾಗ, ಮಡಕೆಯಲ್ಲಿಟ್ಟು ಹೂಳಿದ ಮಕ್ಕಳ ಸಮಾಧಿಗಳು ಸಿಕ್ಕಿದವು. ಆದ್ದರಿಂದ ಇವು ಬರೀ ಕಾಡಿನ ದೊಡ್ಡಿಗಳಲ್ಲ, ಜನ ಬಾಳಿದ ಊರುಗಳು, ದನದ ಕೊಟ್ಟಿಗೆ ಊರಿನ ನಡುವೆಯೇ ಇತ್ತು ಎಂಬುದು ಅವರ ವಾದ. ಚರ್ಚೆ ಇನ್ನೂ ಮುಗಿದಿಲ್ಲ. ಒಬ್ಬರ ಮಾತನ್ನು ಇನ್ನೊಬ್ಬರು ಹೊಸ ಪುರಾವೆ ಇಟ್ಟು ತಿದ್ದಬಹುದು. ಈ ಶಾಸ್ತ್ರದಲ್ಲಿ ನನಗೆ ಮೆಚ್ಚುಗೆಯಾಗುವುದು ಇದೇ.

ಸ್ನೇಹಿತರೇ, ಚಿಂತೆಯ ವಿಷಯವೂ ಇದೆ. ಈ ಬೂದಿ ಹೊಲಕ್ಕೆ ಒಳ್ಳೆಯ ಗೊಬ್ಬರ. ಹಾಗಾಗಿ ಎಷ್ಟೋ ದಿಬ್ಬಗಳು ಗಾಡಿ ಗಾಡಿ ಖಾಲಿಯಾಗಿವೆ. ಸಂಗನಕಲ್ಲಿನ ಹಿರೇಗುಡ್ಡದ ಬಂಡೆಗಳ ಮೇಲೆ ಆ ಕಾಲದಿಂದ ಕೊರೆದ ಗೂಳಿಗಳ ಚಿತ್ರಗಳಿವೆ, ತಟ್ಟಿದರೆ ಗಂಟೆಯಂತೆ ನಾದ ಹೊಮ್ಮಿಸುವ ಕಲ್ಲುಗಳಿವೆ. ಕಲ್ಲುಗಣಿಗಾರಿಕೆ ಆ ಬೆಟ್ಟವನ್ನೂ ಬಿಟ್ಟಿಲ್ಲ. ಶಿಥಿಲವಾದ ಗುಡಿಯನ್ನು ಜೀರ್ಣೋದ್ಧಾರ ಮಾಡಬಹುದು. ಕದಡಿಹೋದ ಪದರವನ್ನು ಮತ್ತೆ ಜೋಡಿಸಲಾಗದು. ಯಾವುದರ ಕೆಳಗೆ ಯಾವುದಿತ್ತು ಎಂಬ ಕ್ರಮವೇ ಇಲ್ಲಿ ಓದಬೇಕಾದ ಬರಹ, ಅದಕ್ಕೆ ಇನ್ನೊಂದು ಪ್ರತಿಯಿಲ್ಲ. ಗೊಬ್ಬರ ಒಯ್ದ ರೈತನನ್ನು ದೂರಿ ಫಲವಿಲ್ಲ. ಆ ಬೂದಿ ಏನೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಹೇಳುವ ಕೆಲಸ ನಮ್ಮದೂ ಹೌದು. ರಜೆಗೆ ಊರಿಗೆ ಹೋದಾಗ ಹಂಪಿಗೆ ಮಕ್ಕಳನ್ನು ಕರೆದೊಯ್ಯುತ್ತೀರಿ. ಒಂದು ದಿನ ಹೆಚ್ಚು ಇಟ್ಟುಕೊಳ್ಳಿ. ಬಳ್ಳಾರಿಯಲ್ಲಿ ರಾಬರ್ಟ್ ಬ್ರೂಸ್ ಫೂಟ್ ಅವರ ಹೆಸರಿನಲ್ಲೇ ಸಂಗನಕಲ್ಲು ಪುರಾತತ್ವ ವಸ್ತುಸಂಗ್ರಹಾಲಯವಿದೆ, ಅದನ್ನು ತೋರಿಸಿ. ನಿಂಬಾಪುರದ ದಿಬ್ಬದ ಮುಂದೆ ನಿಂತು ವಾಲಿಯ ಕಥೆಯನ್ನೂ ಹೇಳಿ, ಹಸುಗಳ ಕಥೆಯನ್ನೂ ಹೇಳಿ. ಎರಡೂ ನಮ್ಮವೇ. ನೆಲದ ಮೇಲಿನ ಮಡಕೆ ಚೂರನ್ನು ಮಾತ್ರ ನೆನಪಿಗೆಂದು ಜೇಬಿಗಿಳಿಸಬೇಡಿ. ಅದು ಬಿದ್ದ ಜಾಗದಲ್ಲಿದ್ದರೆ ಮಾತ್ರ ಮಾತಾಡುತ್ತದೆ.

 ನಿಮ್ಮ ಊರಿನ ಸುತ್ತ ಇಂಥ ಬೂದಿದಿಬ್ಬವೋ ಹಳೆಯ ಹಾಳೂರೋ ಇದ್ದರೆ, ಹಿರಿಯರು ಅದರ ಬಗ್ಗೆ ಏನು ಹೇಳುತ್ತಾರೆಂದು ಈ ವಾರ ಫೋನ್ ಮಾಡಿದಾಗ ಒಮ್ಮೆ ಕೇಳಿ ನೋಡಿ.